ಬಲಗಿವಿಗೆ ಬಂದ ಉತ್ತರ

ಬಲಗಿವಿ ಇನ್ನೂ ಬೆಚ್ಚಗಿದೆ, ಟೀಚರಮ್ಮ ಮುಟ್ಟಿ ನೋಡಿಕೊಳ್ಳುತ್ತಾಳೆ, ನಿವೃತ್ತಿಯ ಮೇಲೂ ವರ್ಷಕ್ಕೊಮ್ಮೆ ಶಾಲೆಯ ಸೀಟಿಗೆ ಬಂದ ಪುಟಾಣಿಗಳ ಇಂಗ್ಲಿಷ್ ಪರೀಕ್ಷಿಸಲು ಕರೆಯುತ್ತಾರೆ, ಮುಂದಿರುವ ಪಟ್ಟಿಯಲ್ಲಿ ಹದಿಮೂರು ಮಕ್ಕಳ ಅಂಕ ತುಂಬಿದೆ, ಹದಿನಾಲ್ಕನೆಯ ಮನೆ ಖಾಲಿ — ಆರು ವರ್ಷದ ಮಗು, ಎರಡು ಜಡೆ, ರಿಬ್ಬನ್ನು ಒಂದಕ್ಕೇ — ಚಿತ್ರ ತೋರಿಸಿ ಬೆಕ್ಕು ಎಲ್ಲಿದೆ ಎಂದು ಕೇಳಿದರೆ ತುಟಿ ಅಲುಗಿತು, ದನಿಯಿಲ್ಲ, ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಕೇಳಿಸ್ತಿಲ್ಲ ಪುಟ್ಟಿ ಅಂದದ್ದೇ ತಡ, ಕುರ್ಚಿಯಿಂದ ಜಾರಿ ಇಳಿದು, ಮೇಜು ಸುತ್ತಿ ಬಂದು, ಕಿವಿಗೆ ಬಾಯಿಟ್ಟು ಪಿಸುಗುಟ್ಟಿತು, ಬೆಕ್ಕು ಮೇಜಿನ ಕೆಳಗಿದೆ, ಅದಕ್ಕೆ ಹಸಿವು, ಅದರಮ್ಮ ಹಾಲು ತರೋಕೆ ಹೋಗಿದಾಳೆ, ಎಲ್ಲ ಇಂಗ್ಲಿಷಿನಲ್ಲೇ, ಚಿತ್ರದಲ್ಲಿ ಹಾಲೂ ಇಲ್ಲ ಅಮ್ಮನೂ ಇಲ್ಲ, ತಾನೇ ಕಟ್ಟಿದ್ದು, ಬೆಳಗಿನಿಂದ ಒಂದು ಮಗುವೂ ಹಾಗೆ ಹೇಳಿರಲಿಲ್ಲ, ಹೊರಗೆ ಕಾದಿದ್ದ ಮಗುವಿನ ಚಿಕ್ಕಮ್ಮ ಆಮೇಲೆ ಕೈ ಹಿಸುಕಿಕೊಂಡು ಅಂದಳು, ನಮ್ಮ ಭಾವಂದು ರಾತ್ರಿ ಪಾಳಿ ಮೇಡಂ, ಹಗಲೆಲ್ಲ ಮಲಗಿರ್ತಾರೆ, ಇರೋದೊಂದೇ ರೂಮು, ಅಕ್ಕ ಇದಕ್ಕೆ ಕಿವೀಲೇ ಪಾಠ ಹೇಳ್ಕೊಡೋದು, ಕೇಳಿಸ್ಲಿಲ್ಲ ಅಂದ್ರೆ ಹತ್ರ ಹೋಗ್ಬೇಕು ಅಂತ್ಲೇ ಗೊತ್ತು ಇದಕ್ಕೆ, ಸೀಟು ಸಿಗುತ್ತಲ್ವಾ, ಸಿಗುತ್ತಲ್ವಾ — ಒಂದು ಮಗುವಿಗೆ ಒಂದೇ ಸಲ ಪರೀಕ್ಷೆ, ರೆಕಾರ್ಡಿನಲ್ಲಿ ಕೇಳಿಸದ್ದಕ್ಕೆ ಅಂಕವಿಲ್ಲ, ಹೋದ ವರ್ಷ ಕೇಳಿಸದ್ದಕ್ಕೂ ಅಂಕ ಹಾಕಿದಳೆಂದು ಮುಖ್ಯ ಪರೀಕ್ಷಕರು ನಗುನಗುತ್ತಲೇ ಚುಚ್ಚಿದ್ದರು, ಅಮ್ಮಾ, ನಿಮ್ಮದು ತಾಯಿಕರುಳು ಸರಿ, ಆದ್ರೆ ರೆಕಾರ್ಡರಿಗೆ ಕರುಳಿಲ್ವಲ್ಲ, ಇನ್ನೊಂದ್ಸಲ ಹೀಗಾದ್ರೆ ಪಟ್ಟೀನೇ ರದ್ದು, ರದ್ದಾದರೆ ಆ ಹದಿಮೂರು ಮಕ್ಕಳ ಗತಿ, ಅದರಲ್ಲಿ ಎರಡಕ್ಕೆ ಹೆದರಿಕೆಗೆ ಜ್ವರವೇ ಬಂದಿತ್ತು.

ಪಟ್ಟಿ ಕೊಡಿ ಮೇಡಂ, ಜೀಪು ಕಾಯ್ತಿದೆ, ಅಟೆಂಡರ್ ಬಾಗಿಲಲ್ಲಿ ನಿಂತವನು, ಅವಳ ಮುಖ ನೋಡಿ, ನಿಧಾನ ಮಾಡಿ, ಡ್ರೈವರ್‌ಗೆ ಟೀ ಕುಡಿಸ್ಕೊಂಡು ಬರ್ತೀನಿ ಎಂದು ಕದವನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡು ಹೋದ, ಪುಣ್ಯಾತ್ಮ, ಹತ್ತು ನಿಮಿಷ ಕೊಟ್ಟ, ಹತ್ತು ನಿಮಿಷದಲ್ಲಿ ಏನಾದೀತು, ರೆಕಾರ್ಡರನ್ನು ಕಿವಿಗೆ ಒತ್ತಿ ಹಿಡಿದಳು, ಒಂದು ಪದ, ಒಂದೇ ಒಂದು ಪದವಾದರೂ — ಕುರ್ಚಿ ಜರುಗಿದ ಸದ್ದು, ಪುಟ್ಟ ಹೆಜ್ಜೆ, ಮತ್ತೆ ಬರೀ ಫ್ಯಾನಿನ ಗೊರಗೊರ, ಅದರ ನಡುವೆ ತನ್ನದೇ ದನಿ, ಹೂಂ, ಆಮೇಲೆ, ವೆರಿ ಗುಡ್ — ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು, ಕುರ್ಚಿ, ಹೆಜ್ಜೆ, ಗೊರಗೊರ, ಹೂಂ, ಆಮೇಲೆ, ವೆರಿ ಗುಡ್, ಹೊರಗೆ ಜೀಪಿನ ಬಾಗಿಲು ಹಾಕಿದ ಶಬ್ದ, ಪೆನ್ನು ಸೊನ್ನೆ ಸುತ್ತಿತು, ಕೊನೆ ಕೂಡದೆ ಚೂರು ಬಾಯಿ ಬಿಟ್ಟುಕೊಂಡೇ ಉಳಿಯಿತು, ರೆಕಾರ್ಡರು ಇನ್ನೂ ಓಡುತ್ತಿತ್ತು, ಎದುರಿಗೆ ಯಾರೂ ಇಲ್ಲದೆ ಮಾತಾಡುವ ಮುದುಕಿಯೊಬ್ಬಳ ದನಿ, ಹೂಂ, ಆಮೇಲೆ, ವೆರಿ ಗುಡ್, ವೆರಿ ಗುಡ್ —