ಆಗಲ್ಲ

೧

ಈ ಕಥೆಯನ್ನು ಹೊಳೆಯುವ ಕಾಗದದ ನಕ್ಷತ್ರದಿಂದ ಶುರು ಮಾಡಲೋ, ಬಚ್ಚಲುಮನೆಯ ಬಾಗಿಲಿನಿಂದಲೋ? ನಕ್ಷತ್ರವೇ ವಾಸಿ. ವಾರಪತ್ರಿಕೆಯ ಸಂಪಾದಕರು ಕೇಳಿದ್ದು ಕ್ರಿಸ್‌ಮಸ್ ಸಂಚಿಕೆಗೆ ಮನಸ್ಸಿಗೆ ಹಿತವಾಗುವ ಒಂದು ಕಥೆ. "ಕುಟುಂಬ ಇರಲಿ ಮೇಡಂ, ಮಕ್ಕಳಿರಲಿ, ಕೊನೇಲಿ ಎಲ್ಲರೂ ನಗಲಿ" ಎಂದಿದ್ದರು. ನನಗೆ ಕುಟುಂಬವಿದೆ, ಮಕ್ಕಳಿದ್ದಾರೆ. ಮೂರನೆಯದರ ಬಗ್ಗೆ ಭರವಸೆ ಕೊಡಲಾರೆ.

(ಮೂರನೆಯದು ಎಂದರೆ ನಗು. ಇದನ್ನು ನನ್ನ ಅತ್ತೆಯೂ ಓದುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.)

ಮೊದಲ ಸಾಲು ಹೀಗಿತ್ತು: 'ಆ ಮನೆಯಲ್ಲಿ ಎರಡು ಪುಟ್ಟ ನಕ್ಷತ್ರಗಳು ಮಿನುಗುತ್ತಿದ್ದವು.' ಅಳಿಸಿದೆ. ಸದರಿ ನಕ್ಷತ್ರಗಳು ಆ ಹೊತ್ತಿಗೆ ಹಾಲ್‌ನಲ್ಲಿ ಒಂದೇ ಗೋಂದಿನ ಟ್ಯೂಬಿಗಾಗಿ ಕಿತ್ತಾಡುತ್ತಿದ್ದವು.

೨

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು. ಅವರ ಅಪ್ಪ ಆಸ್ಪತ್ರೆಯಲ್ಲಿ ನರ್ಸ್, ಊರಿಗೆಲ್ಲ ರಜೆಯಿದ್ದಾಗ ಅವನಿಗೆ ಡ್ಯೂಟಿ. ಅತ್ತೆ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬಾಲ್ಕನಿಗೆ ತೂಗುಹಾಕಲು ನಕ್ಷತ್ರ ಮಾಡೋಣವೆಂದು ಪಕ್ಕದ ಮನೆಯ ಹುಡುಗಿ, ಚಿಕ್ಕವಳ ಕ್ಲಾಸಿನವಳು, ಬಂದು ಕೂತಿದ್ದಳು.

ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡನೆಯ ಸಲ ಶುರು ಮಾಡಿದ್ದೆ. ಈ ಸಲ ಕೈ ಓಡುತ್ತಿತ್ತು. ಹಾಲು ಉಕ್ಕಿದ ವಾಸನೆ ಬಂತೆಂದು ಎದ್ದು ಹೋದೆ. ನಾನು ಒಲೆ ಒರೆಸುತ್ತಿದ್ದಾಗ ದೊಡ್ಡವಳು ನನ್ನ ಕುರ್ಚಿಯಲ್ಲಿ ಕೂತಳು. (ಮಕ್ಕಳಿಗೆ ಓದುವ ಅಭ್ಯಾಸ ಬೆಳೆಸಿ ಎಂದು ಶಾಲೆಯವರು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ಬೆಳೆಸಿದ್ದೇನೆ.) ವಾರ್ತೆ ಓದುವವರ ಗತ್ತಿನಲ್ಲಿ ಗಟ್ಟಿಯಾಗಿ ಓದಿದಳು:

'ಅಪ್ಪನಿಗೆ ರಾತ್ರಿ ಪಾಳಿ ಬಂದಾಗ ಚಿಕ್ಕವಳು ಅವನ ಒಗೆಯದ ಕಾಲುಚೀಲವೊಂದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ. ವಾಸನೆ ಬರುವುದಿಲ್ಲವೇನೇ ಎಂದರೆ, ಬರಲಿ ಅಂತಲೇ ಇಟ್ಟುಕೊಂಡಿದ್ದು ಎನ್ನುತ್ತಾಳೆ.'

ಪಕ್ಕದ ಮನೆಯ ಹುಡುಗಿ "ಥೂ, ಕಾಲುಚೀಲ" ಎಂದು ಬಿದ್ದು ಬಿದ್ದು ನಕ್ಕಳು. ನಾನು ಒರೆಸುಬಟ್ಟೆ ಹಿಡಿದುಕೊಂಡೇ ಓಡಿಬಂದೆ. ಚಿಕ್ಕವಳು ಗೆಳತಿಯನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಆಮೇಲೆ ಕತ್ತರಿಯನ್ನು ನೆಟ್ಟಗೆ ಕೆಳಗಿಟ್ಟು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಇನ್ನು ಮಜವಿಲ್ಲವೆಂದು ಕಂಡಿರಬೇಕು, ಪಕ್ಕದ ಮನೆಯವಳು ತನ್ನ ಚಪ್ಪಲಿ ಹುಡುಕಿಕೊಂಡು ಹೊರಟುಹೋದಳು.

೩

"ಬಾಗಿಲು ತೆಗಿ ಪುಟ್ಟಿ."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಲ್ಯಾಪ್‌ಟಾಪನ್ನೂ ತಂದುಕೊಂಡೆ. (ಯಾಕೆ ಅಂತೀರಾ? ಸಂಜೆಯೊಳಗೆ ಕಥೆ ಕಳಿಸಬೇಕಿತ್ತು. ನೀವು ಮಾತ್ರ ನನಗೆ ನ್ಯಾಯ ಹೇಳಬೇಡಿ.)

"ಅದು ನೀನಲ್ಲ ಕಣೇ. ಕಥೇಲಿ ಬರೋ ಹುಡುಗಿ."

"ಅವಳಿಗೂ ಆರು ವರ್ಷಾನಾ?"

"ಹೂಂ."

"ಅವಳಿಗೂ ಅಕ್ಕ ಇದಾಳಾ?"

"ಇದಾಳೆ."

"ಮತ್ತೆ?"

ವಿಮರ್ಶಕರು ನಾಲ್ಕು ಪುಟ ಬರೆದು ಹೇಳುವುದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದಳು. ಪಾತ್ರಗಳು ಲೇಖಕರ ಮೇಲೆ ತಿರುಗಿಬೀಳುತ್ತವೆ ಎಂದು ದೊಡ್ಡ ದೊಡ್ಡವರು ಹೇಳುವುದನ್ನು ಕೇಳಿದ್ದೇನೆ. ಅವರ ಪಾತ್ರಗಳು ಬಚ್ಚಲಿಗೆ ಚಿಲಕ ಹಾಕಿಕೊಂಡಿರಲಾರವು.

ಚೌಕಾಸಿಗಿಳಿದೆ. ಹುಡುಗಿಯ ಬದಲು ಬೆಕ್ಕು ಅಂತ ಮಾಡಲಾ ಎಂದೆ. ಬೆಕ್ಕಿನ ಅಪ್ಪ ಡ್ಯೂಟಿಗೆ ಹೋಗಲ್ಲ ಎಂದಳು. ಅಕ್ಕ ಅಂತ ಮಾಡಲಾ ಎಂದೆ.

"ನನ್ನನ್ನ್ಯಾಕೆ ಎಳೀತೀಯಮ್ಮ?" ಎಂದಳು ಪಕ್ಕದಲ್ಲೇ ನಿಂತಿದ್ದ ದೊಡ್ಡವಳು.

"ಇಷ್ಟಕ್ಕೆಲ್ಲ ನೀನೇ ಕಾರಣ. ನೀನು ಬಾಯಿ ಮುಚ್ಚು."

"ಬರೆದಿದ್ದು ನೀನು. ನಾನು ಓದಿದೆ ಅಷ್ಟೆ."

ಇವಳಿಗೊಂದು, ಅವಳಿಗೊಂದು ಎಂದು ಉತ್ತರ ಹುಡುಕುವುದರಲ್ಲಿ ನನ್ನ ಅರ್ಧ ಆಯಸ್ಸು ಹೋಗಿದೆ. ಬಾಗಿಲಿಗೇ ತಿರುಗಿದೆ.

"ಸರಿ, ಅಳಿಸಿಬಿಟ್ಟೆ. ಟಕ್ ಅಂತ ಸದ್ದು ಕೇಳಿಸ್ತಲ್ಲ?"

"ಅದು ಯಾವ ಬಟನ್ನಾದ್ರೂ ಆಗಿರಬಹುದು."

(ಹೌದು. ಸ್ಪೇಸ್ ಬಾರ್. ಆ ಎರಡು ಸಾಲು ಚೆನ್ನಾಗಿ ಬಂದಿದ್ದವು, ಕೈ ಬರಲಿಲ್ಲ.)

"ಈಗ ಬಾಗಿಲು ತೆಗಿ."

"ಆಗಲ್ಲ."

"ಅಜ್ಜಿ ಬರೋ ಹೊತ್ತಾಯ್ತು. ತೆಗಿ."

"ಆಗಲ್ಲ ಅಂದ್ನಲ್ಲ."

"ಎಷ್ಟು ಹಟ ನಿಂಗೆ? ಕೇಕ್ ತರ್ತಾರೆ ಅಜ್ಜಿ. ಎಲ್ಲಾ ನಿಮ್ಮಕ್ಕನೇ ತಿನ್ಲಿ."

"ಆಗಲ್ಲ."

ತಾಳ್ಮೆಗೂ ಒಂದು ಮಿತಿಯಿದೆ. ಹಾಗಾದರೆ ಅಲ್ಲೇ ಇರು, ಊಟ ತಿಂಡಿ ಎಲ್ಲ ಅಲ್ಲೇ ಮಾಡು ಎಂದೆ. ಗಂಡನಿಗೆ ಫೋನ್ ಮಾಡಿದೆ. "ಒಬ್ಬರಿಗೆ ಡ್ರೆಸ್ಸಿಂಗ್ ಮಾಡ್ತಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟ. ಇನ್ನಷ್ಟು ಒರಗಿ ಕೂತು ಟೈಪು ಮಾಡತೊಡಗಿದೆ: 'ಮೊಂಡು ಹಿಡಿದ ಮಗುವಿನ ಮೌನ ಬಾಗಿಲಿಗಿಂತ ದಪ್ಪವಾಗಿತ್ತು.' ನಾಚಿಕೆಯಾಗಬೇಕಿತ್ತು. ಆಗ ಆಗಲಿಲ್ಲ.

೪

ದೊಡ್ಡವಳು ನೆಲಕ್ಕೆ ಕೆನ್ನೆ ಕೊಟ್ಟು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ತಂಗಿಯನ್ನು ಅಣಕಿಸಲು ಇನ್ನೊಂದು ದಾರಿ ಹುಡುಕುತ್ತಿದ್ದಾಳೆ ಎಂದುಕೊಂಡೆ.

"ಅಮ್ಮ, ಅವಳು ಬಕೆಟ್ ಕವುಚಿ ಹಾಕ್ಕೊಂಡು ಅದರ ಮೇಲೆ ಹತ್ತಿದಾಳೆ."

"ಯಾಕಂತೆ?"

"ಚಿಲಕ ಎಳೀತಿದಾಳೆ. ಅಳ್ತಿದಾಳಮ್ಮ, ಸದ್ದು ಮಾಡ್ದೇ."

"ಮತ್ತೆ ಆಗಲ್ಲ ಅಂದ್ಳಲ್ಲ."

ದೊಡ್ಡವಳು ಎದ್ದು ಕೂತು ನನ್ನನ್ನೇ ನೋಡಿದಳು. "ತೆಗಿಯಲ್ಲ ಅಂತ ಅಂದ್ಳಾ? ಆಗಲ್ಲ ಅಂದ್ಳು. ಅವಳಿಗೆ ಆಗ್ತಿಲ್ಲಮ್ಮ."

ಬೇರೆಯವರ ಬಾಯಲ್ಲಿ ಮಾತು ಹಾಕುವುದೇ ಈ ಲೇಖಕಿಯ ಕಸುಬು.

ನೆಲ ಒದ್ದೆ, ಬಕೆಟ್ಟು ಪ್ಲಾಸ್ಟಿಕ್ಕಿನದು, ಪಕ್ಕದಲ್ಲೇ ನಲ್ಲಿಯ ಮೂತಿ. ಜಾರಿದರೆ ತಲೆ ಎಲ್ಲಿ ತಾಗುತ್ತದೆ ಎಂಬುದು ಬರೆದಿಟ್ಟ ಹಾಗೆ ಕಣ್ಣಿಗೆ ಕಟ್ಟಿತು. "ಇಳಿ ಪುಟ್ಟಿ, ಮೊದಲು ಕೆಳಗಿಳಿ" ಎಂದು ಎದ್ದು, ಬಾಗಿಲಿಗೆ ಭುಜ ಕೊಟ್ಟು ನೂಕಿದೆ. ಅಲುಗಲಿಲ್ಲ. ಮತ್ತೆ ನೂಕಿದೆ. ದೊಡ್ಡವಳೂ ನನ್ನ ಸೊಂಟ ಹಿಡಿದು ನೂಕಿದಳು. ಒಳಗಿನ ಅಳು ಈಗ ಸದ್ದು ಮಾಡಿಯೇ ಬರುತ್ತಿತ್ತು. ಅಷ್ಟರಲ್ಲಿ ಕಾಲಿಂಗ್ ಬೆಲ್.

ಯಾರಾದರಾಗಲಿ, ಬಾಗಿಲು ಒಡೆಯಲು ಒಂದಾಳು ಸಿಕ್ಕಿತಲ್ಲ ಎಂದು ಓಡಿದೆ. ದೊಡ್ಡವಳೂ ಹಿಂದೆಯೇ ಬಂದಳು. ಅತ್ತೆ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಕೇಕಿನ ಡಬ್ಬಿ. ನಾನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದೆ ಚಿಲಕ ಸರಕ್ಕೆಂದು ಸರಿಯಿತು.

ಚಿಕ್ಕವಳು ಹೊರಗೆ ನಿಂತಿದ್ದಳು. ಬೆರಳು ಕೆಂಪಾಗಿದ್ದವು.

"ನೀನು ಎದ್ದು ಹೋದ ಮೇಲೆ ಬಂತು" ಎಂದಳು.

ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹೊರಗಿನಿಂದ ಒತ್ತಿದಷ್ಟೂ ಚಿಲಕ ಚೌಕಟ್ಟಿನ ಬಳೆಯಲ್ಲಿ ಕಚ್ಚಿಕೊಳ್ಳುತ್ತದೆ. ಇಷ್ಟು ಹೊತ್ತೂ ನಾನು ನನ್ನ ಮೈಭಾರವನ್ನೆಲ್ಲ ಬಾಗಿಲ ಮೇಲೆ ಹಾಕಿ ಕೂತು, ತೆಗಿ ತೆಗಿ ಎಂದು ಬೇಡುತ್ತಿದ್ದೆ.

೫

ಸಂಪಾದಕರಿಗೆ ಬೇಕಾದ ಮುಕ್ತಾಯಕ್ಕೆ ಇದೇ ಜಾಗ. ಆಯ್ಕೆಗಳು ಇವು.

ಅ) ಮಗು ಓಡಿಬಂದು ಅಮ್ಮನನ್ನು ತಬ್ಬಿಕೊಳ್ಳುತ್ತದೆ. (ಬರಲಿಲ್ಲ. ನನ್ನನ್ನು ದಾಟಿ ಹೋಗಿ ಅಜ್ಜಿಯ ಹೊಟ್ಟೆಗೆ ಮುಖ ಒತ್ತಿಕೊಂಡಿತು.)

ಆ) ದೊಡ್ಡವಳು ತಂಗಿಯ ಕ್ಷಮೆ ಕೇಳುತ್ತಾಳೆ. (ಕೇಳಲಿಲ್ಲ. ಗೋಂದಿನ ಟ್ಯೂಬನ್ನು ತಂದು ತಂಗಿಯ ಮುಂದೆ ಇಟ್ಟು ಹೋದಳು. ಖಾಲಿಯಾಗಿತ್ತು ಅನ್ನುವುದು ಬೇರೆ ಮಾತು.)

ಇ) ಹಿರಿಯರೊಬ್ಬರು ಹಿತನುಡಿಯುತ್ತಾರೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಕೇಕನ್ನು ಫ್ರಿಜ್ಜಿನಲ್ಲಿಟ್ಟು ಹೇಳಿದರು: "ಬರಿಯೋದಕ್ಕೆ ಹೊರಗಿನವರು ಯಾರೂ ಸಿಗೋದಿಲ್ವೇನಮ್ಮ? ನನ್ನ ಗೊರಕೆ ಬಗ್ಗೆ ಬರೆದೆ, ಹೋಗಲಿ ಅಂತ ಸುಮ್ಮನಿದ್ದೆ. ಇದು ಕೂಸು."

೬

ಸಂಜೆ ಲ್ಯಾಪ್‌ಟಾಪನ್ನು ಚಿಕ್ಕವಳ ಮುಂದಿಟ್ಟೆ. ಯಾವ ಬಟನ್ ಎಂದು ಅಕ್ಕನನ್ನು ಕೇಳಿ ಖಾತ್ರಿ ಮಾಡಿಕೊಂಡು, ತಾನೇ ಒತ್ತಿದಳು. ಆ ಎರಡು ಸಾಲಿನ ಒಂದೊಂದು ಅಕ್ಷರವೂ ಹೋಗುವುದನ್ನು ನಿಂತು ನೋಡಿದೆ.

"ಬಚ್ಚಲುಮನೇದು ಬರೀಲಾ?"

"ಬರಿ. ನೀನು ಒರಗಿದ್ದೂ ಬರೀಬೇಕು."

"ದಿಂಬಿನ ಕೆಳಗಿಂದು?"

"ಬೇರೆ ಏನಾದ್ರೂ ಹಾಕು."

ಹಾಗಾಗಿ, ಓದುಗರೇ, ನೀವು ಮೇಲೆ ಓದಿದ ಕಾಲುಚೀಲ ಕಾಲುಚೀಲವಲ್ಲ. ಅವಳು ದಿಂಬಿನ ಕೆಳಗಿಟ್ಟುಕೊಳ್ಳುವುದು ಅಪ್ಪನದೇ ಇನ್ನೊಂದು ಸಾಮಾನು. ಏನೆಂದು ಹೇಳುವುದಿಲ್ಲ. ಆ ಎರಡು ಸಾಲಿನಷ್ಟು ಚೆನ್ನಾಗಿ ಅವುಗಳ ಜಾಗಕ್ಕೆ ಹಾಕಿದ ಇವು ಬಂದಿಲ್ಲ ಎಂದು ನನಗೂ ಗೊತ್ತು. ಪಕ್ಕದ ಮನೆಯ ಹುಡುಗಿಗೆ ನಿಜ ಗೊತ್ತಿದೆ. ಅವಳು ಆಮೇಲೆ ಈ ಕಡೆ ಬಂದಿಲ್ಲ, ರಜೆ ಮುಗಿದು ಶಾಲೆ ಶುರುವಾದರೆ ಅವಳು ಯಾರಿಗೆ ಏನು ಹೇಳುತ್ತಾಳೋ, ನಾನೇನು ಮಾಡಬೇಕೋ ತಿಳಿಯದು. ಅವಳನ್ನು ಅಳಿಸುವ ಬಟನ್ ಇಲ್ಲ.

ಸಂಪಾದಕರು ಫೋನ್ ಮಾಡಿದರು. "ಮೇಡಂ, ಎಲ್ಲಾ ಬಂದಿದೆ, ಕೊನೆ ಎಲ್ಲಿ?"

ಒಂದು ನಿಮಿಷ ಎಂದು ಹಾಲ್‌ಗೆ ಹೋದೆ. ಚಿಕ್ಕವಳು ಅಜ್ಜಿಗೆ ಒರಗಿ ಕೇಕ್ ತಿನ್ನುತ್ತಿದ್ದಳು.

"ಸಿಟ್ಟು ಇಳೀತಾ?"

ಅವಳು ಕೇಕಿನಿಂದ ಒಂದು ದ್ರಾಕ್ಷಿ ಕಿತ್ತು ತಟ್ಟೆಯ ಅಂಚಿಗಿಟ್ಟಳು. "ಯೋಚನೆ ಮಾಡ್ತಿದೀನಿ."

"ಬೇಗ ಹೇಳು ಪುಟ್ಟಿ. ಪತ್ರಿಕೆಯವರು ಕಾಯ್ತಿದಾರೆ."

"ಕಾಯ್ಲಿ."