ಚರಗಿ ಸಪ್ಪಳ

ಟಣ್ — ಉಂಗುರ ಖುರ್ಚಿಗೆ ಬಡದ ಸಪ್ಪಳ, ಇಷ್ಟು ಚಪ್ಪಾಳಿ ನಡುವ ಅದೊಂದೇ ಬ್ಯಾರೆ ಕೇಳಿಸ್ತು ಹಲೀಮಾಗ, ವೇದಿಕಿ ಮ್ಯಾಲ ಹೊಸಾ ಶಾಲು ಕುತ್ತಿಗಿಗೆ ಚುಚ್ಚಾಕತ್ತದ, ತೊಡಿ ಮ್ಯಾಲ ಕಮಲಾಪುರದ ಕೆಂಪು ಬಾಳಿಹಣ್ಣಿನ ಬುಟ್ಟಿ, ಕಲಬುರಗಿ ಭಾಗದ ಕತಿಗಾರರಿಗೆ ಕೊಡೋ ಪ್ರಶಸ್ತಿ, ಎಷ್ಟು ವರ್ಷದ ಆಸೆ, ಕಮಲಾಪುರ ಅಂದ್ರ ಸೃಷ್ಟಿ ಗಂಡನ ಊರು, ಅವನ್ನ ಬಿಟ್ಟು ಓಡಿಬಂದು ಹಲೀಮಾನ ಎದುರಮನ್ಯಾಗ ಅಡಗಿಕುಂತ ಹುಡುಗಿ, ಗಲ್ಲದ ಮ್ಯಾಲ ಚೌಕ ಗಾಯ, ಅವನ ಬೆಳ್ಳಿ ಉಂಗುರದ ಅಚ್ಚು, ಆಪಾ, ಅಂವ ಸಿಕ್ಕರ ಕೊಂದೇ ಬಿಡ್ತಾನ ಅಂದಿದ್ದಳು, ಕೊಲ್ಲಾಕ ಅವರಪ್ಪಂದ ರಾಜ್ಯಾನ, ನಾ ಇದ್ದೀನಿ ಅಂದಳು ಹಲೀಮಾ, ಫೋನ್ ಎತ್ತಬ್ಯಾಡ, ಯಾರು ಕೂಗಿದ್ರೂ ತೆರೀಬ್ಯಾಡ, ಹಾಲಿನ ಚರಗಿ ಮ್ಯಾಲ ಮೂರು ಸಲ ಬಡದ್ರ ನಾನೇ ಅಂತ ತಿಳಿ, ದಿನಾ ಸಂಜಿಗೆ ಹಾಲು ಒಯ್ದಾಗ ಅದೇ ಸಪ್ಪಳ, ಒಳಗ ಸಣ್ಣಗ ಜಾರೋ ಚಿಲಕ, ಅದರ ಮ್ಯಾಲ ಸೃಷ್ಟಿಯ ಒದ್ದಿ ಕೈ — ಅದನ್ನೇ ಕತಿ ಮಾಡಿದಳು, ಹೆಸರು ಬದಲಿಸಿದಳು, ಓಣಿ ಹೆಸರು ಬ್ರಹ್ಮಪುರ ತೆಗೆದು ಸೇಡಂ ರಸ್ತೆ ಹಾಕಿದಳು, ಚರಗಿ ಬಿಡಾಕ ಮಾತ್ರ ಮನಸಾಗಲಿಲ್ಲ, ಅಷ್ಟು ಚಂದಿತ್ತಲ್ಲ, ಓದಿದವರೆಲ್ಲಾ ಅದನ್ನೇ ಹೊಗಳಿದರು, ಹೊಗಳಿಕಿ ತಲಿಗೇರಿತು, ಈಗ ಮೈಕ್ ಹಿಡಿದು ಹೇಳೇ ಬಿಟ್ಟಳು, ಇದು ಖರೇ ಕತಿರೀ, ನಮ್ಮ ಬ್ರಹ್ಮಪುರದಾಗ, ನಮ್ಮನಿ ಎದುರಿಗೇ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು, ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಟಣ್. ಮೂರನೇ ಸಾಲು, ಚೌಕ ಉಂಗುರ, ಸೃಷ್ಟಿ ತೋರಿಸಿದ ಮದುವಿ ಫೋಟೋದಾಗಿನ ಮಾರಿ, ಅದೇ, ಯಾ ಅಲ್ಲಾ, ಅದೇ, ಎಲ್ಲಾರೂ ಚಪ್ಪಾಳಿ ಹೊಡದ್ರ ಅಂವ ಉಂಗುರಲೇ ಬಡಿಯಾಕತ್ಯಾನ, ಮೂರು ಸಲ ಬಡದ, ಹಲೀಮಾನ ನೋಡಿ ನಕ್ಕ, ಕೈಮುಗದ, ಎದ್ದು ಹೊಂಟ — ಏನು ರೂಪಕ ರೀ ಅದು, ಚರಗಿ ಸಪ್ಪಳಕ್ಕ ಬಾಗಿಲು ತೆರೆಯೋದು, ಅಧ್ಯಕ್ಷರು ಮೈಕ್ ಬಿಡವಲ್ಲರು, ರೂಪಕ ಅಲ್ಲೋ ನಮ್ಮಪ್ಪಾ, ಖರೇ ಬಾಗಿಲದು, ಎದ್ದು ನಿಂತಳು, ಕುಂದರ್ರೀ ಮೇಡಂ, ಇನ್ನ ಫೋಟೋ ಅದ, ಶಾಲು ಹಿಡಿದು ಕುಂದರಿಸಿದರು, ಕೆಳಗ ತನ್ನ ಗಂಡ ಜಾವೀದ್ ಫೋಟೋ ತೆಗೀಲಾಕ ಮೊಬೈಲ್ ಎತ್ತಿ ಹಿಡದಾನ, ಮನಿಗೆ ಓಡ್ರೀ ಅಂತ ಕೈ ಬೀಸಿದಳು, ಅಂವ ನಕ್ಕು ತಾನೂ ಕೈ ಬೀಸಿದ. ಬುಟ್ಟಿ ಮರಿಗೆ ಫೋನ್ ಹಚ್ಚಿದಳು, ರಿಂಗ್ ಆಗಾಕತ್ತದ, ಎತ್ತು ಸೃಷ್ಟಿ, ಎತ್ತವ್ವಾ, ಹ್ಯಾಂಗ ಎತ್ತಾಳ, ಎತ್ತಬ್ಯಾಡ ಅಂದಾಕಿ ನಾನೇ, ಓಣ್ಯಾಗ ಬ್ಯಾರೆ ಯಾರಿಗೆ ಹೇಳಲಿ, ಮನಿಮನಿಗೆ ಹೋಗಿ ಎಲ್ಲಾರನೂ ಇಲ್ಲಿಗೆ ಕರದಾಕಿ ನಾನೇ, ಮೂರನೇ ಸಾಲಿನ್ಯಾಗ ಖಾಲಿ ಖುರ್ಚಿ, ಹೊರಗ ಬೈಕ್ ಚಾಲೂ ಆದ ಸಪ್ಪಳ, ಹಾಲಿನ ಹೊತ್ತಾತು, ಟಣ್, ಸೃಷ್ಟಿ ಭಾಂಡಿ ತಿಕ್ಕೋದು ಬಿಟ್ಟು ಏಳ್ತಾಳ, ಟಣ್, ಬಂದೆ ಆಪಾ ಅಂತಾಳ, ಟಣ್, ಚಿಲಕದ ಮ್ಯಾಲ ಒದ್ದಿ ಕೈ, ಒದ್ದಿ ಕೈ —