ಒಸಡಿನ ಗೆರೆ

ಅತ್ತೆಯ ಮುಂಗೈಯಲ್ಲಿ ಹಿರಿಸೊಸೆಯ ಹಲ್ಲು ನಾಟಿಕೊಂಡಿತ್ತು. ಬಿಡಿಸಲು ಹೋದ ಕಿರಿಸೊಸೆಗೆ ಯಾರನ್ನು ಹಿಡಿದು ಎಳೆಯಬೇಕೆಂದೇ ಮೊದಲು ಹೊಳೆಯಲಿಲ್ಲ. ಹಿರಿಯವಳನ್ನು ಎಳೆದರೆ ಅತ್ತೆಯ ಚರ್ಮ ಕಿತ್ತು ಬರುತ್ತಿತ್ತು. ಅತ್ತೆಯನ್ನು ಎಳೆಯೋಣವೆಂದರೆ ಆಕೆಯ ಇನ್ನೊಂದು ಕೈಯಲ್ಲಿ ಇಕ್ಕಳವಿತ್ತು, ಅದು ಹಿರಿಯವಳ ತಲೆಯ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಕೊನೆಗೆ ಅವಳು ಹಿರಿಯವಳ ಮೂಗನ್ನು ಒತ್ತಿ ಹಿಡಿದಳು. ಉಸಿರು ಕಟ್ಟಿದ ಮೇಲೆ ಬಾಯಿ ಬಿಟ್ಟುಕೊಂಡಿತು.

"ನಾಯಿ," ಎಂದಳು ಅತ್ತೆ, ಮುಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತ. "ಅನ್ನ ಹಾಕಿದ ಕೈನೇ ಕಚ್ಚೋ ನಾಯಿ."

"ಅನ್ನ ಹಾಕಿದ್ದು ನನ್ನ ಹಲ್ಲು, ನಿಮ್ಮ ಕೈಯಲ್ಲ," ಎಂದಳು ಹಿರಿಯವಳು. ಅವಳ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಮಣಿಕಟ್ಟಿನಿಂದ ಮುಂದಿನ ಭಾಗ ನೀರಿಲ್ಲದ ಗಿಡದ ಎಲೆಯ ಹಾಗೆ ಕೆಳಗೆ ಬಾಗಿತು. ಮುಂದೋಳಿನಿಂದಲೇ ಒರೆಸಿಕೊಂಡಳು.

ಜಗಳಕ್ಕೆ ಮೂಲ ಆ ಕೈಯೇ. ಒಲೆಯ ಮೇಲಿನ ಬಾಣಲೆಯಿಂದ ಕರಗಿದ ಸೀಸವನ್ನು ಸೌಟಿನಲ್ಲಿ ಎತ್ತಿ ಅಚ್ಚಿಗೆ ಹುಯ್ಯುವಾಗ ಮಣಿಕಟ್ಟು ಸೋತು ಸೌಟು ವಾಲಿತ್ತು. ಸೀಸ ನೆಲದ ಮೇಲೆ ಬೆಳ್ಳಿಯ ತಗಡಿನಂತೆ ಹರಡಿಕೊಂಡಿತು. "ಇವಳ ಕೈಯಲ್ಲೂ ಏನೂ ನಿಲ್ಲಲ್ಲ, ಹೊಟ್ಟೆಯಲ್ಲೂ ಏನೂ ನಿಲ್ಲಲ್ಲ," ಎಂದು ಅತ್ತೆ ಅಂದಿದ್ದಳು. ಮೂರು ಸಲ ಬಸಿರು ಇಳಿದುಹೋದವಳಿಗೆ ಆಡಬಾರದ ಮಾತು. ಆದರೆ ಆ ಮನೆಯಲ್ಲಿ ಆಡಬಾರದ ಮಾತುಗಳನ್ನೇ ಎಲ್ಲರೂ ಆಡುತ್ತಿದ್ದರು.

ಎದುರು ಮನೆಯ ಹೆಂಗಸು ಹೊಸ್ತಿಲಲ್ಲಿ ಕೂತು ಬಲೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತ, "ಇವತ್ತು ಬೇಗನೇ ಶುರುವಾಯ್ತಲ್ಲ," ಎಂದಳು. ಅವಳ ಕೆನ್ನೆಯ ಮೇಲೂ ಹಳೆಯದೊಂದು ಸುಟ್ಟ ಕಲೆಯಿತ್ತು. ಬಂದರಿನ ಹಿಂದಿನ ಆ ಓಣಿಯಲ್ಲಿ ರಕ್ತ ಕಾಣದ ವಾರವಿರಲಿಲ್ಲ. ಊರಿನವರು ತರಕಾರಿ ಮಾರಲು ಬಂದರೂ ಓಣಿಯ ಬಾಯಲ್ಲೇ ನಿಂತು ಕೂಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಅಲ್ಲಿಯ ನೀರೇ ಹಾಗೆ, ಕುಡಿದವರಿಗೆಲ್ಲ ಸಿಟ್ಟು ಮೂಗಿನ ತುದಿಯಲ್ಲಿ ಎಂಬುದು ಊರಿನ ತೀರ್ಮಾನ.

ಓಣಿಯ ಕಸುಬು ಬಲೆಗೆ ಸೀಸದ ಗುಂಡು ಕಟ್ಟುವುದು. ಗುಂಡೆಂದರೆ ನಡುವೆ ಸೀಳಿದ, ಕಾಳಿನಷ್ಟು ದೊಡ್ಡ ತುಂಡು. ಬಲೆಯ ಅಡಿಯ ಹುರಿಯನ್ನು ಆ ಸೀಳಿನೊಳಗೆ ಕೂರಿಸಿ ಅಮುಕಿದರೆ ಗುಂಡು ಹುರಿಯನ್ನು ಹಿಡಿದು ನಿಲ್ಲುತ್ತದೆ, ಬಲೆ ನೀರಿನ ತಳಕ್ಕೆ ಇಳಿಯುತ್ತದೆ. ಇಕ್ಕಳದಿಂದಲೂ ಅಮುಕಬಹುದು. ಆದರೆ ಹುರಿ ಎಲ್ಲಿದೆಯೆಂದು ಇಕ್ಕಳಕ್ಕೆ ಗೊತ್ತಾಗುವುದಿಲ್ಲ, ಕತ್ತರಿಸಿಬಿಡುತ್ತದೆ. ಹಲ್ಲಿಗೆ ಗೊತ್ತಾಗುತ್ತದೆ. ಹಾಗಾಗಿ ಓಣಿಯ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಗುಂಡು ಕಚ್ಚುತ್ತಿದ್ದರು. ಬಾಯಿದ್ದವಳು ಬದುಕುತ್ತಾಳೆ ಎಂಬ ಮಾತನ್ನು ತಿದ್ದಿ, ನಮ್ಮಲ್ಲಿ ಹಲ್ಲಿದ್ದವಳು ಬದುಕುತ್ತಾಳೆ ಎಂದು ನಗುತ್ತಿದ್ದರು.

ಹಾಗೆ ಕಚ್ಚಿ ಕಚ್ಚಿ ಒಂದೆರಡು ವರ್ಷ ಕಳೆದ ಮೇಲೆ ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ಶಾಯಿಯಿಂದ ಎಳೆದ ಹಾಗೆ ನೀಲಿ ಗೆರೆಯೊಂದು ಮೂಡುತ್ತಿತ್ತು. ಅದು ಕಸುಬು ಕೂಡಿಬಂತೆಂಬುದರ ಗುರುತು. ಕಿರಿಸೊಸೆ ಬೇರೆ ಊರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನೆರೆಯವರು ಅವಳ ತುಟಿ ಎಳೆದು ನೋಡಿ, "ಇನ್ನೂ ಹಸಿ," ಎಂದಿದ್ದರು. ಗೆರೆ ಮೂಡಿದ ದಿನ ಅತ್ತೆ ಅವಳನ್ನು ಮನೆಮನೆಗೆ ಕರೆದೊಯ್ದು ಬಾಯಿ ತೆರೆಸಿದ್ದಳು. ಆ ದಿನ ಅವಳಿಗೂ ಹೆಮ್ಮೆಯಾಗಿತ್ತು.

ಕೂಸುಗಳ ವಿಷಯದಲ್ಲಿ ಓಣಿಯವರು ಬಹಳ ಜಾಗರೂಕರು. ಚಿಕ್ಕ ಗುಂಡು ನುಂಗಿ ಉಸಿರು ಕಟ್ಟಬಾರದೆಂದು, ಹಲ್ಲು ಬರುವ ಹೊತ್ತಿಗೆ ದೊಡ್ಡದೊಂದು ಗುಂಡನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕುತ್ತಿದ್ದರು. ನುಂಗಲಾಗದಷ್ಟು ದಪ್ಪ, ಒಸಡಿಗೆ ಮೆತ್ತಗೆ, ತಂಪು. ಮೇಲೆ ಕೂತ ಬೂದು ಪುಡಿಗೆ ಒಂದು ಬಗೆಯ ಸಿಹಿಯೂ ಇತ್ತು. ಅತ್ತೆಯ ಮನೆಯ ಗುಂಡು ಅವಳ ಗಂಡುಮಕ್ಕಳು ಚೀಪಿ ನುಣುಪಾಗಿಸಿದ್ದು. ಈಗ ಅದು ಕಿರಿಸೊಸೆಯ ಮಗಳ ಕೊರಳಲ್ಲಿತ್ತು. ಮಗುವಿಗೆ ಎರಡು ತುಂಬಿ ಹಲ್ಲೆಲ್ಲ ಬಂದಿದ್ದರೂ ಅದನ್ನು ಬಿಡುತ್ತಿರಲಿಲ್ಲ. ಇತ್ತೀಚೆಗೆ ಅತ್ತೆ ಅದರ ತುಟಿ ಎತ್ತಿ ನೋಡಿ, "ನೋಡೇ, ಈಗಲೇ ಗೆರೆ ಬಂದಿದೆ. ಹುಟ್ಟಾ ಕೆಲಸಗಾರ್ತಿ," ಎಂದು ಮುತ್ತಿಟ್ಟಿದ್ದಳು.

ಜಗಳ ಬಿಡಿಸಿ ಉಸಿರು ತೆಗೆದುಕೊಂಡಾಗಲೇ ಕಿರಿಯವಳಿಗೆ ಮಗುವಿನ ನೆನಪಾದದ್ದು. ಮೂಲೆಯಲ್ಲಿ, ಮಡಚಿಟ್ಟ ಬಲೆಯ ಮೇಲೆ ಅದು ಮಲಗಿತ್ತು. ಅಷ್ಟು ಗದ್ದಲದಲ್ಲೂ ಎದ್ದಿರಲಿಲ್ಲ. ಒಂದು ವಾರದಿಂದ ವಾಂತಿ, ಹೊಟ್ಟೆನೋವಿನ ಚೀರಾಟ, ನಡೆದರೆ ತೂರಾಟ. ಹುಳುವಿರಬೇಕೆಂದು ಅತ್ತೆ ಕಹಿ ಕುಡಿಸಿದ್ದಳು. ಕಿರಿಯವಳು ಅದರ ಭುಜ ಹಿಡಿದು ಅಲುಗಾಡಿಸಿದಳು. ಕೆನ್ನೆ ತಟ್ಟಿದಳು. ಆಮೇಲೆ ತಟ್ಟುವುದು ಹೋಗಿ ಹೊಡೆಯುವುದಾಯಿತು. ಮಗು ಅರೆಗಣ್ಣು ತೆರೆದು, ಅವಳನ್ನು ಗುರುತಿಸದೆ, ಮತ್ತೆ ಮುಚ್ಚಿತು.

"ಅಕ್ಕ," ಎಂದಳು ಹಿರಿಯವಳಿಗೆ. "ನಡಿ, ಆಸ್ಪತ್ರೆಗೆ ಹೋಗೋಣ. ನಿನ್ನ ಹುಬ್ಬೂ ಹೊಲಿಸ್ಬೇಕು."

ಆಸ್ಪತ್ರೆ ಬಂದರಿನ ಇನ್ನೊಂದು ತುದಿಯಲ್ಲಿತ್ತು. ಡಾಕ್ಟರಮ್ಮ ಆ ಊರಿಗೆ ಹೊಸಬಳು. ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸೂಜಿ ಚುಚ್ಚಿ ಸಲಾಯಿನ್ ಹಾಕಿಸಿ, ನರ್ಸನ್ನು ಪಕ್ಕದಲ್ಲಿ ಕೂರಿಸಿದಳು. ಆಮೇಲೆ ಹಿರಿಯವಳ ಹುಬ್ಬಿಗೆ ಬಂದಳು.

"ಗಂಡ ಹೊಡೆದನಾ?"

"ಇಲ್ಲ, ಇವತ್ತು ಅತ್ತೆ ಪಾಳಿ," ಎಂದಳು ಹಿರಿಯವಳು. ಹೊಲಿಗೆಯ ನೋವಿಗೆ ಅವಳು ಹಲ್ಲು ಕಿರಿದಾಗ ಡಾಕ್ಟರಮ್ಮನ ಕೈ ನಿಂತಿತು. ಸೂಜಿಯನ್ನು ಬದಿಗಿಟ್ಟು ಅವಳ ಕೆಳತುಟಿ ಎಳೆದು ನೋಡಿದಳು. ಎದ್ದು ಬಂದು ಕಿರಿಯವಳದ್ದು ನೋಡಿದಳು. ಕೊನೆಗೆ ಮಗುವಿನದ್ದು.

"ಏನಿದು?"

"ಕೆಲಸದ ಗುರುತು," ಎಂದಳು ಕಿರಿಯವಳು.

ಡಾಕ್ಟರಮ್ಮ ಮಗುವಿನ ಕೊರಳಿನ ದಾರವನ್ನು ಕತ್ತರಿಸಿ ಗುಂಡನ್ನು ಬಿಳಿ ಹಾಸಿನ ಮೇಲೆ ಉಜ್ಜಿದಳು. ಪೆನ್ಸಿಲಿನಿಂದ ಎಳೆದಂತೆ ಗೆರೆ ಬಿತ್ತು. "ಇದು ವಿಷ ಕಣಮ್ಮ. ಒಂದು ದಿನಕ್ಕೆ ಕೊಲ್ಲಲ್ಲ, ದಿನಾ ಒಂಚೂರು ಒಳಗೆ ಹೋಗಿ ಎಲುಬಿನಲ್ಲಿ ಕೂತ್ಕೊಳ್ಳುತ್ತೆ. ಇವಳ ಕೈ ಬಿದ್ದಿರೋದು ಇದ್ರಿಂದ. ನಿಮ್ಮ ಹೊಟ್ಟೆನೋವು, ನಿದ್ದೆಗೆಡೋದು, ಕಂಡಕಂಡವರ ಮೇಲೆ ಎರಗೋದು, ಎಲ್ಲಕ್ಕೂ ಇದರ ಪಾಲು ಇದೆ. ದೊಡ್ಡವರ ಕೈ ಬೀಳುತ್ತೆ. ಚಿಕ್ಕವರಿಗೆ ಮೆದುಳೇ ಊದಿಕೊಳ್ಳುತ್ತೆ."

ಹಿರಿಯವಳು ಅರ್ಧ ಹೊಲಿದ ಹುಬ್ಬಿನಲ್ಲೇ ಕೇಳಿದಳು: "ಬಸಿರು ನಿಲ್ಲದೇ ಇರೋದಕ್ಕೂ?"

"ಅದಕ್ಕೂ ಆಗಬಹುದು. ಎಷ್ಟು ಸಲ?"

"ಮೂರು," ಎಂದಳು. ಬಸಿರು ಇಳಿದ ಮೂರು ಸಲವೂ ಗಂಡ ಅವಳನ್ನು ಹಿಂದಿನ ಅಂಗಳದಲ್ಲಿ ಬೆಲ್ಟಿನಿಂದ ಹೊಡೆದಿದ್ದ, ಕೊನೆಯ ಸಲ ಅವಳಿಗಿನ್ನೂ ರಕ್ತ ನಿಂತಿರಲಿಲ್ಲ. ಉಳಿದ ಹೊಲಿಗೆಯನ್ನು ಅವಳು ಕಲ್ಲಿನಂತೆ ಕೂತು ಹಾಕಿಸಿಕೊಂಡಳು.

"ಮಗೂನ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ," ಎಂದಳು ಡಾಕ್ಟರಮ್ಮ ಕಿರಿಯವಳಿಗೆ. "ವ್ಯಾನು ಡೀಸೆಲ್ ಹಾಕಿಸ್ಕೊಂಡು ಬಂದ ತಕ್ಷಣ ಹೊರಡ್ಬೇಕು. ಬದುಕುತ್ತೆ ಅಂತ ಮಾತು ಕೊಡಲ್ಲ. ಬದುಕಿದ್ರೂ ಆ ಮನೆಗೆ ವಾಪಸ್ ಕರ್ಕೊಂಡು ಹೋಗೋ ಹಾಗಿಲ್ಲ. ಒಲೆ ಅಲ್ಲಿರೋ ತನಕ ಔಷಧ ಕೊಟ್ಟೂ ಸುಖ ಇಲ್ಲ. ಮನೆ ಬೇಕೋ ಮಗು ಬೇಕೋ ಈಗಲೇ ಯೋಚನೆ ಮಾಡ್ಕೋ."

ಕಿರಿಯವಳ ಗಂಡ ಋತುವಿನ ಆರಂಭದಲ್ಲಿ ದೋಣಿ ಹತ್ತಿದವನು, ಇನ್ನೂ ಸಮುದ್ರದಲ್ಲಿದ್ದ. ಅವನು ಬಂದಾಗ ವಿಷಯ ತಿಳಿಸಿ ಎಂದು ಮನೆಯಲ್ಲಿ ಹೇಳಿ, ಮಗುವಿನ ನಾಲ್ಕು ಬಟ್ಟೆ ತರಲು ಅವಳು ಓಡಿದಳು. ಹಿರಿಯವಳು ಹಿಂದೆಯೇ ಬಂದಳು, ಓಡದೆ.

ಭಾವ, ಅಂದರೆ ಹಿರಿಯವಳ ಗಂಡ, ಒಲೆಯ ಮುಂದೆ ಕೂತು ಹಳೆಯ ಪೈಪಿನ ತುಂಡುಗಳನ್ನು ಬಾಣಲೆಗೆ ಹಾಕುತ್ತಿದ್ದ. ಕಿರಿಯವಳು ಹೇಳಿದ್ದನ್ನು ಪೂರ್ತಿ ಕೇಳಿದ. ಆಮೇಲೆ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಡಾಕ್ಟರ್ ಮುಂದೆ ಕಸುಬು ಹೇಳಿದ್ಯಾ?"

"ಅವರೇ ಕಂಡುಹಿಡಿದ್ರು ಭಾವ."

"ನಾಳೆ ಸರ್ಕಾರಿ ಆಫೀಸಿನವರು ಬಂದು ಒಲೆ ಒಡೀತಾರೆ. ನಮ್ಮದೊಂದೇ ಅಲ್ಲ, ಓಣಿದೆಲ್ಲ. ಆಮೇಲೆ ಓಣಿಯವರು ನಮ್ಮನ್ನ ಜೀವಸಹಿತ ಬಿಡ್ತಾರಾ?" ಅವನು ಅವಳ ಕೂದಲಿಗೆ ಕೈ ಹಾಕಿದ. "ನಡಿ. ಮಗು ಎತ್ಕೊಂಡು ಬಾ. ಹುಳು ಬಿದ್ದಿದೆ ಅಂತ ಹೇಳು."

"ಬಿಡಿ ಭಾವ. ಅದು ಸಾಯ್ತಾ ಇದೆ."

ಅವನು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಂದು ಸಲ ಬಡಿದು ಅವನಿಗೇ ಬೆರಗಾದಂತೆ ನಿಂತ. ಮತ್ತೆ ಬಡಿದ. ಅವಳು ಅವನ ಕೈಯನ್ನು ಪರಚಿದಳು, ಮೊಣಕಾಲಿಗೆ ಒದ್ದಳು. ಬಾಯೊಳಗೆ ರಕ್ತದ ಉಪ್ಪು ತುಂಬಿತು.

"ಯಾರನ್ನ ಹೆದರಿಸ್ತಾಳಂತೆ ಆ ಡಾಕ್ಟರಮ್ಮ?" ಅತ್ತೆ ಮುಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತ ಬಂದಳು. "ನಾನು ಹಲ್ಲು ಗಟ್ಟಿಯಾದಾಗಿಂದ ಕಚ್ತಾ ಇದ್ದೀನಿ, ಸತ್ತಿದ್ದೀನಾ? ನನ್ನ ಇಬ್ಬರು ಮಕ್ಕಳು ಅದೇ ಗುಂಡು ಚೀಪಿ ಬೆಳೆದಿದ್ದು. ಇವನು ಕಂಬದ ಹಾಗೆ ನಿಂತಿದ್ದಾನೆ ನೋಡು."

"ಇಬ್ಬರಾ, ಮೂವರಾ ಅತ್ತೆ?"

ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ಹಿರಿಯವಳ ದನಿ ಅದು. ಜೋರಾಗಿರಲಿಲ್ಲ. ಇಬ್ಬರು ಗಂಡುಮಕ್ಕಳ ನಡುವೆ ಅತ್ತೆಗೊಂದು ಹೆಣ್ಣು ಹುಟ್ಟಿ, ಎರಡು ವರ್ಷ ತುಂಬುವ ಮೊದಲೇ ಸೆಳವು ಬಂದು ಸತ್ತಿತ್ತು. ಅದು ಓಣಿಗೆಲ್ಲ ಗೊತ್ತಿದ್ದ, ಯಾರೂ ಎತ್ತದ ಸಂಗತಿ.

ಅತ್ತೆಯ ಬಾಯಿ ತೆರೆದೇ ಉಳಿಯಿತು. ಗೆರೆಯಿದ್ದ ಒಸಡಿನಲ್ಲಿ ಈಗ ಮುಂದಿನ ಹಲ್ಲು ಮಾತ್ರ ಉಳಿದಿದ್ದವು. ಅವಳು ಅಚ್ಚಿನ ಹಲಗೆಯನ್ನು ಎತ್ತಿಕೊಂಡಳು. ಆದರೆ ಬೀಸಿದ್ದು ಕೇಳಿದವಳ ಮೇಲಲ್ಲ. ಮಗ ಕೂದಲು ಹಿಡಿದು ನಿಲ್ಲಿಸಿದ್ದ ಕಿರಿಯವಳ ಮೇಲೆ. ಬೆನ್ನಿಗೆ, ಭುಜಕ್ಕೆ, ತಡೆಯಲು ಬಂದ ಬೆರಳುಗಳಿಗೆ. "ನನ್ನ ಕೈಯಾರೆ ಕೊಂದೆ ಅಂತೀಯಾ? ನಾನು ಕೊಟ್ಟ ಗುಂಡಿನಿಂದ ಅಂತೀಯಾ? ಹೇಳು, ನಾನಾ?" ಕಿರಿಯವಳು ಏನನ್ನೂ ಅಂದಿರಲಿಲ್ಲ. ಕಿರುಬೆರಳು ಮುರಿದ ಸದ್ದು ಅವಳಿಗೆ ಕೇಳಿಸಿತು.

ಹಿರಿಯವಳು ಅಚ್ಚು ತಣಿಸುವ ನೀರಿನ ಬಕೆಟ್ಟಿನ ಬಳಿ ಹೋದಳು. ಬೆರಳಿಂದ ಹಿಡಿಯಲಾಗದ್ದರಿಂದ ಹಿಡಿಕೆಯೊಳಗೆ ಮುಂದೋಳು ತೂರಿಸಿ, ಇನ್ನೊಂದು ತೋಳನ್ನು ಅಡಿಗೆ ಕೊಟ್ಟು, ಕೂಸನ್ನು ಎತ್ತುವಂತೆ ಎತ್ತಿದಳು.

"ಆ ಕಡೆ ಸರಿ," ಎಂದಳು ಕಿರಿಯವಳಿಗೆ.

ಬಕೆಟ್ಟಿನ ನೀರೆಲ್ಲ ಕುದಿಯುವ ಸೀಸದ ಬಾಣಲೆಗೆ ಬಿತ್ತು.

ಸಿಡಿಲಿನಂಥ ಸದ್ದಾಯಿತು. ಸೀಸ ಹನಿಹನಿಯಾಗಿ ಮಾಡಿನ ಹೆಂಚಿಗೆ, ಗೋಡೆಗೆ, ಮೈಗೆ ಹಾರಿತು. ಹಬೆಯೊಳಗೆ ಭಾವ ಕಿರುಚುತ್ತಿದ್ದ. ಒಲೆಗೆ ಬೆನ್ನು ಕೊಟ್ಟು ನಿಂತಿದ್ದವನ ಕುತ್ತಿಗೆಗೆ, ಕಿವಿಗೆ, ಅಂಗಿಯ ಒಳಗೆ ಹನಿಗಳು ಅಂಟಿಕೊಂಡಿದ್ದವು. ಕಿತ್ತುಕೊಳ್ಳಲು ಹೋದ ಬೆರಳಿಗೆ ಚರ್ಮವೂ ಬಂತು. ಕೂದಲು ಬಿಟ್ಟುಹೋದಾಗ ಕಿರಿಯವಳು ನೆಲಕ್ಕೆ ಬಿದ್ದಳು. ಅವನ ಮೈಯೇ ಅವಳಿಗೆ ಮರೆಯಾಗಿತ್ತು.

ಹಬೆ ತಿಳಿಯಾದಾಗ ಅತ್ತೆ ಮೂಲೆಯಲ್ಲಿ, ಮಡಚಿಟ್ಟ ಬಲೆಯ ಪಕ್ಕ ಕೂತಿದ್ದಳು. ಪಾದದ ಮೇಲೆ ಎರಡು ಹನಿ ಹೆಪ್ಪುಗಟ್ಟಿ ಮಿನುಗುತ್ತಿದ್ದವು. ಅವಳು ಅವನ್ನು ಗಮನಿಸಿದಂತಿರಲಿಲ್ಲ. ಮಗನ ಕೂಗೂ ಕಿವಿಗೆ ಬಿದ್ದಂತಿರಲಿಲ್ಲ.

"ಅವಳೂ ಏಳ್ತಿರಲಿಲ್ಲ," ಎಂದಳು. "ಎಷ್ಟು ಕೂಗಿದ್ರೂ ಏಳ್ತಿರಲಿಲ್ಲ. ಮೊಂಡು ಅಂತ ಹೊಡೆದೆ ನಾನು."

ಕಿರಿಯವಳು ನೆಲದಿಂದ ಎದ್ದಳು. ಹಗ್ಗದ ಮೇಲಿದ್ದ ಮಗುವಿನ ಬಟ್ಟೆಗಳನ್ನು ಎಳೆದುಕೊಂಡಳು. ಕೊಡವಿದರೆ ಬೂದು ಪುಡಿ ಎದ್ದಿತು. ಎಷ್ಟು ಕೊಡವಿದರೂ ಏಳುತ್ತಲೇ ಇತ್ತು. ಅವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಬಂದಳು. ಬಾಗಿಲ ಮುಂದೆ ಸೇರಿದ್ದ ಹೆಂಗಸರು ದಾರಿ ಬಿಟ್ಟರು. ಎದುರು ಮನೆಯವಳು ಒಳಗೆ ಇಣುಕಿ, "ಈ ಸಲ ಜೋರಾಗೇ ಆಯ್ತು," ಎಂದಳು. ಯಾರೂ ನಗಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ವ್ಯಾನು ಇಂಜಿನ್ ಚಾಲೂ ಮಾಡಿ ನಿಂತಿತ್ತು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ನರ್ಸು ಒಳಗೆ ಕೂತಿದ್ದಳು. ಸಲಾಯಿನ್ ಬಾಟಲಿ ಕಿಟಕಿಯ ಸರಳಿನಲ್ಲಿ ತೂಗುತ್ತಿತ್ತು.

"ರೋಗಿ ಜೊತೆ ಒಬ್ಬರೇ," ಎಂದ ಡ್ರೈವರ್, ಹಿಂದೆ ಬಂದ ಹಿರಿಯವಳನ್ನು ನೋಡಿ. ಅವಳ ತೋಳುಗಳ ಮೇಲೆ ಬೊಬ್ಬೆಗಳೆದ್ದಿದ್ದವು. ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಅವಳೂ ರೋಗಿನೇ," ಎಂದಳು ನರ್ಸು. "ಹತ್ತಿಸ್ಕೋ. ಆದ್ರೆ ಮಗೂನ ಮುಟ್ಟೋ ಮೊದಲು ಇಬ್ಬರೂ ಕೈ, ಬಾಯಿ ತೊಳ್ಕೊಂಡು ಬನ್ನಿ. ಸೋಪು ಹಾಕಿ."

ಕೊಳಾಯಿ ಗೋಡೆಯ ಪಕ್ಕದಲ್ಲಿತ್ತು. ಕಿರಿಯವಳು ಮೊದಲು ಹಿರಿಯವಳ ಎರಡು ಕೈಗಳನ್ನೂ ಹಿಡಿದು, ಬೊಬ್ಬೆ ತಾಗದಂತೆ, ಉಗುರಿನ ಸಂದಿಯವರೆಗೆ ತೊಳೆದಳು. ಬಾಯಿಗೆ ನೀರು ಹಿಡಿದಳು. ಆಮೇಲೆ ಮುರಿದ ಬೆರಳನ್ನು ಮೇಲೆತ್ತಿಕೊಂಡು ತನ್ನ ಕೈ ತೊಳೆಯತೊಡಗಿದಳು. ನೀರು ಬೂದಾಗಿ ಇಳಿಯಿತು. ಮತ್ತೆ ಸೋಪು ಹಚ್ಚಿದಳು. ಡ್ರೈವರ್ ಹಾರ್ನ್ ಒತ್ತಿದ. ಅವಳು ತಲೆಯೆತ್ತಲಿಲ್ಲ. ಕಾಲಬುಡದ ಮೋರಿಯಲ್ಲಿ ಹರಿಯುವ ನೀರನ್ನೇ ನೋಡುತ್ತ, ಅದು ತಿಳಿಯಾಗುವವರೆಗೆ ಉಜ್ಜುತ್ತಲೇ ಇದ್ದಳು.